ಬಾವಿಯೂ ಅದೇ, ಬಚ್ಚಲೂ ಅದೇ



ಕಾಲೇಜಿನ ಈ ದತ್ತಿ ಉಪನ್ಯಾಸಕ್ಕೆ ಕಡಲು ಮತ್ತು ಮನುಷ್ಯ ಎಂಬ ವಿಷಯವನ್ನು ಕೊಟ್ಟು, ಯಾವ ಕಡಲು ಎಂಬುದನ್ನು ನೀವು ನನಗೇ ಬಿಟ್ಟಿರಿ. ನಮ್ಮ ಮಲ್ಪೆ, ಗಂಗೊಳ್ಳಿಗಳ ಕಡಲಿನ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡಬಲ್ಲವರು ಈ ಸಭೆಯಲ್ಲೇ ಕೂತಿದ್ದಾರೆ. ಹಾಗಾಗಿ ನಾನು ಪರ್ಷಿಯನ್ ಕೊಲ್ಲಿಯನ್ನು ಆರಿಸಿಕೊಂಡೆ. ಅದನ್ನು ದೂರದ ಕಡಲು ಎನ್ನಲು ನಾಲಿಗೆ ಬರುವುದಿಲ್ಲ. ಮಂಗಳೂರಿನಿಂದ ಭಟ್ಕಳದವರೆಗೆ ದುಬೈ, ಕುವೈತ್, ಬಹರೈನ್, ದಮ್ಮಾಮ್‌ಗಳ ಹೆಸರು ಕೇಳದ ಮನೆಯಿಲ್ಲ. ಅಲ್ಲಿನ ಸಂಬಳ ಗೊತ್ತು, ಸೆಕೆ ಗೊತ್ತು, ವೀಸಾದ ಕಷ್ಟ ಗೊತ್ತು. ಆದರೆ ಆ ಊರುಗಳು ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಬಳಸಿ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದವರು ಕಡಿಮೆ. ಎರಡು ಪ್ರಶ್ನೆಗೂ ಉತ್ತರ ಒಂದೇ, ಆ ಕೊಲ್ಲಿ. ಮನೆಯ ಹಿಂದಿನ ಒಂದೇ ಹೊಂಡವನ್ನು ಬಾವಿಯನ್ನಾಗಿಯೂ ಬಚ್ಚಲನ್ನಾಗಿಯೂ ಮಾಡಿಕೊಂಡು ಬದುಕುವ ಸಂಸಾರ ಹೇಗಿರುತ್ತದೋ ಹಾಗಿದೆ ಆ ದಡದ ಬಹುತೇಕ ದೇಶಗಳ ಸ್ಥಿತಿ. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ಮೊದಲು ಕಡಲಿನ ಪರಿಚಯ ಆಗಲಿ. ಉದ್ದ ಸುಮಾರು 1,000 ಕಿಲೋಮೀಟರ್. ವಿಸ್ತೀರ್ಣ 2,40,000 ಚದರ ಕಿಲೋಮೀಟರಿನ ಆಸುಪಾಸು, ಅಂದರೆ ಕರ್ನಾಟಕಕ್ಕಿಂತ ದೊಡ್ಡದು. ಸರಾಸರಿ ಆಳ ಕೇವಲ 35 ಮೀಟರ್. ಹದಿಮೂರು ಮಹಡಿಯ ಕಟ್ಟಡವೊಂದನ್ನು ಅದರೊಳಗೆ ಇಳಿಸಿದರೆ ತಾರಸಿ ಒದ್ದೆಯಾಗುವುದಿಲ್ಲ. ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ ಸಮುದ್ರಮಟ್ಟ ತಗ್ಗಿದ್ದಾಗ, ಅಲ್ಲಿ ಕಡಲೇ ಇರಲಿಲ್ಲ, ನೆಲವಿತ್ತು. ಅರಬ್ಬಿ ಸಮುದ್ರದ ಕಡೆಗೆ ಇರುವುದು ಹಾರ್ಮುಜ್ ಜಲಸಂಧಿ ಎಂಬ ಒಂದೇ ಬಾಗಿಲು, ಅದರ ಅತಿ ಕಿರಿದಾದ ಜಾಗದ ಅಗಲ 40 ಕಿಲೋಮೀಟರಿನ ಆಚೀಚೆ. ನಮ್ಮ ಕಡೆಯ ನೀರು ಆ ಬಾಗಿಲಿನಿಂದ ಮೇಲ್ಮೈಯಲ್ಲಿ ಒಳಹೊಕ್ಕು, ಇರಾನ್ ದಡದ ಗುಂಟ ಉತ್ತರಕ್ಕೆ ಸಾಗಿ, ಅರೇಬಿಯಾದ ದಡದ ಗುಂಟ ಇಳಿದು, ಉಪ್ಪಾಗಿ ಭಾರವಾಗಿ, ತಳದಿಂದ ಹೊರಬೀಳುತ್ತದೆ. ಒಮ್ಮೆ ಒಳಹೋದ ನೀರು ಪೂರ್ತಿ ಬದಲಾಗಲು ವರ್ಷಗಳೇ ಬೇಕು. ಅಂದರೆ ಅಲ್ಲಿ ಚೆಲ್ಲಿದ್ದು ಅಲ್ಲೇ ಸುತ್ತುತ್ತದೆ.

ಮಳೆಯ ಲೆಕ್ಕ ಕೇಳಿದರೆ ನಮ್ಮವರಿಗೆ ನಗು ಬರಬಹುದು. ಮಳೆಗಾಲದಲ್ಲಿ ಆಗುಂಬೆಯಲ್ಲಿ ಒಂದು ಜೋರು ದಿನ ಸುರಿಯುವಷ್ಟು ಮಳೆ ಅಲ್ಲಿನ ಎಷ್ಟೋ ಕಡೆ ಇಡೀ ವರ್ಷಕ್ಕೂ ಬರುವುದಿಲ್ಲ. ಆವಿಯಾಗಿ ಹೋಗುವುದು ಮಾತ್ರ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು. ಹೇಳಿಕೊಳ್ಳುವ ನದಿಯೆಂದರೆ ಟೈಗ್ರಿಸ್, ಯೂಫ್ರೆಟಿಸ್, ಕಾರೂನ್ ಸೇರಿ ಹರಿಯುವ ಶತ್ ಅಲ್ ಅರಬ್ ಒಂದೇ. ಹೀಗಾಗಿ ಸಾಮಾನ್ಯ ಕಡಲಿನಲ್ಲಿ ಒಂದು ಕಿಲೋ ನೀರಿಗೆ 35 ಗ್ರಾಂ ಉಪ್ಪಿದ್ದರೆ ಇಲ್ಲಿ 40 ಗ್ರಾಂ. ಸೌದಿ ಅರೇಬಿಯಾ ಮತ್ತು ಕತಾರ್ ನಡುವಿನ ಸಲ್ವಾ ಕೊಲ್ಲಿಯಲ್ಲಿ 50 ದಾಟುತ್ತದೆ. ಬೇಸಿಗೆಯಲ್ಲಿ ನೀರಿನ ಬಿಸಿ 35 ಡಿಗ್ರಿ, ಚಳಿಗಾಲದಲ್ಲಿ ಉತ್ತರದ ಆಳವಿಲ್ಲದ ಜಾಗಗಳಲ್ಲಿ 15ಕ್ಕೂ ಕೆಳಗೆ. ಇಂಥ ನೀರಿನಲ್ಲಿ ಬದುಕುವ ಜೀವಿಗಳೆಲ್ಲ ಸಹನೆಯ ಕೊನೆಯ ಮೆಟ್ಟಿಲಿನ ಮೇಲೆ ನಿಂತಿರುತ್ತವೆ. ಬೇರೆ ಕಡಲು ತಡೆದುಕೊಳ್ಳುವ ಸಣ್ಣ ಪೆಟ್ಟು ಇಲ್ಲಿ ಸಣ್ಣದಾಗಿ ಉಳಿಯುವುದಿಲ್ಲ. ಮುಂದಿನ ಮಾತುಗಳನ್ನು ಕೇಳುವಾಗ ಇದೊಂದು ನೆನಪಿರಲಿ.

ಎಣ್ಣೆ ಸಿಗುವ ಮೊದಲು ಈ ಕಡಲಿನ ಜೊತೆ ಅಲ್ಲಿಯ ಜನ ಹೇಗಿದ್ದರು? ಮುತ್ತು ಹೆಕ್ಕುತ್ತಿದ್ದರು. ಬೇಸಿಗೆಯ ನಾಲ್ಕು ತಿಂಗಳು ಬಹರೈನ್, ಕುವೈತ್, ಅಬುಧಾಬಿಗಳ ದೋಣಿಗಳು ಮುತ್ತಿನ ಚಿಪ್ಪಿನ ದಿಬ್ಬಗಳ ಮೇಲೆ ಲಂಗರು ಹಾಕಿರುತ್ತಿದ್ದವು. ಆ ದೋಣಿಗಳ ಮರ ಮಲಬಾರಿನ ತೇಗ. ಸಿಕ್ಕ ಮುತ್ತಿಗೆ ಗಿರಾಕಿ ಬೊಂಬಾಯಿಯ ವ್ಯಾಪಾರಿ. ಕೈಯಲ್ಲಿ ಓಡಾಡುತ್ತಿದ್ದ ದುಡ್ಡು ನಮ್ಮ ರೂಪಾಯಿ, ಅದು ಕೊಲ್ಲಿಯ ಕೆಲವು ರಾಜ್ಯಗಳಲ್ಲಿ 1966ರವರೆಗೂ ಚಲಾವಣೆಯಲ್ಲಿತ್ತು. ಬಹರೈನಿನ ಮುಳುಗುಗಾರರಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಕಡಲಿನ ತಳದಲ್ಲಿ ಅಲ್ಲಲ್ಲಿ ಸಿಹಿನೀರಿನ ಒರತೆಗಳಿದ್ದವು. ಚರ್ಮದ ಚೀಲವನ್ನು ಮಡಚಿ ಹಿಡಿದು ಮುಳುಗುವುದು, ಒರತೆಯ ಬಾಯಿಗೆ ಚೀಲದ ಬಾಯಿ ಕೊಡುವುದು, ಒರತೆಯ ಒತ್ತಡಕ್ಕೇ ಅದು ಉಬ್ಬಿ ತುಂಬಿದ ಮೇಲೆ ಕತ್ತು ಬಿಗಿದು ಮೇಲೇಳುವುದು. ಸುತ್ತ ಉಪ್ಪುನೀರು, ಚೀಲದೊಳಗೆ ಕುಡಿಯುವ ನೀರು! ಕುವೈತಿನವರಿಗೆ ಆ ಭಾಗ್ಯವೂ ಇರಲಿಲ್ಲ, ಅವರು ಶತ್ ಅಲ್ ಅರಬ್‌ನಿಂದ ದೋಣಿಯಲ್ಲಿ ನೀರು ತಂದು ಮಾರುತ್ತಿದ್ದರು. ಜಪಾನಿನ ಸಾಕಿ ಬೆಳೆಸಿದ ಮುತ್ತು ಮತ್ತು 1929ರ ಆರ್ಥಿಕ ಕುಸಿತ ಸೇರಿ ಮುತ್ತಿನ ದಂಧೆಯನ್ನು ಮುಗಿಸಿದವು. ಬಹರೈನಿನ ಒರತೆಗಳನ್ನು ಮುಗಿಸಿದ್ದು ನೆಲದ ಮೇಲಿನ ಕೊಳವೆಬಾವಿಗಳು. ಕೋಲಾರದವರಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎಣ್ಣೆ. ಕಡಲಿನ ಮಾಲಿನ್ಯ ಎಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಕಪ್ಪು ಮೆತ್ತಿಕೊಂಡ ಹಕ್ಕಿಯ ಚಿತ್ರ. ಅದು ಸುಳ್ಳಲ್ಲ. 1983ರಲ್ಲಿ, ಇರಾನ್–ಇರಾಕ್ ಯುದ್ಧ ನಡೆಯುತ್ತಿದ್ದಾಗ, ಇರಾನಿನ ನೌರೂಜ್ ತೈಲಕ್ಷೇತ್ರದ ವೇದಿಕೆಗೆ ಹಡಗೊಂದು ಬಡಿಯಿತು. ಮುಂದಿನ ತಿಂಗಳು ಅದೇ ಕ್ಷೇತ್ರದ ಮೇಲೆ ಇರಾಕ್ ದಾಳಿ ಮಾಡಿತು. ಯುದ್ಧದ ನಡುವೆ ಬಾವಿ ಮುಚ್ಚಲು ಹೋಗುವವರು ಯಾರು? ತಿಂಗಳುಗಟ್ಟಲೆ ಎಣ್ಣೆ ಸುರಿಯಿತು. ಆ ವರ್ಷ ಅರೇಬಿಯಾದ ದಡದಲ್ಲಿ ಮೂವತ್ತಕ್ಕೂ ಹೆಚ್ಚು ಕಡಲಹಸುಗಳು ಸತ್ತು ಬಿದ್ದಿದ್ದವು. ಡುಗಾಂಗ್ ಎಂದು ಕರೆಯುವ ಈ ಪ್ರಾಣಿ ಕಡಲ ಹುಲ್ಲು ಮೇಯುವ ಸಾಧು ಜೀವ, ಹಲವು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಆಸ್ಟ್ರೇಲಿಯಾ ಬಿಟ್ಟರೆ ಜಗತ್ತಿನಲ್ಲಿ ಅವು ಅತಿ ಹೆಚ್ಚು ಇರುವುದು ಈ ಕೊಲ್ಲಿಯಲ್ಲಿ. 1986ರಲ್ಲಿ ಬಹರೈನ್ ಮತ್ತು ಕತಾರ್ ನಡುವೆ ವಿಮಾನದಿಂದ ಎಣಿಕೆ ಮಾಡಿದವರು ಒಂದೇ ಹಿಂಡಿನಲ್ಲಿ ಆರುನೂರಕ್ಕೂ ಹೆಚ್ಚು ಕಡಲಹಸುಗಳನ್ನು ಕಂಡಿದ್ದರು.

ದೊಡ್ಡ ಅನಾಹುತ ಆದದ್ದು 1991ರ ಜನವರಿಯಲ್ಲಿ. ಕುವೈತನ್ನು ಆಕ್ರಮಿಸಿದ್ದ ಇರಾಕಿ ಸೇನೆ ಮೀನಾ ಅಲ್ ಅಹ್ಮದಿಯ ತೈಲ ಬಂದರಿನಿಂದಲೂ ಅಲ್ಲಿ ನಿಂತಿದ್ದ ಹಡಗುಗಳಿಂದಲೂ ಕಚ್ಚಾ ತೈಲವನ್ನು ಕಡಲಿಗೆ ಬಿಟ್ಟಿತು. ಎಷ್ಟು ಬಿಟ್ಟರು ಎಂಬುದಕ್ಕೆ 40 ಲಕ್ಷ ಬ್ಯಾರಲ್‌ನಿಂದ 110 ಲಕ್ಷ ಬ್ಯಾರಲ್‌ವರೆಗೆ ಅಂದಾಜುಗಳಿವೆ. ಅದಕ್ಕೆ ಎರಡು ವರ್ಷ ಮುಂಚೆ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಚೆಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿದ್ದು ಎರಡೂವರೆ ಲಕ್ಷ ಬ್ಯಾರಲ್ ಮಾತ್ರ.

ಆ ದಿನಗಳಲ್ಲಿ ನಮ್ಮ ದೊಡ್ಡ ಭಾವ ಸೌದಿಯ ಜುಬೈಲಿನಲ್ಲಿ ಫಿಟ್ಟರ್ ಆಗಿದ್ದರು. ಕೆಲಸ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ. ಜುಬೈಲಿನ ನೀರೇ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ಹರಿದು ರಾಜಧಾನಿ ರಿಯಾದ್‌ನ ಬಾಯಾರಿಕೆ ತೀರಿಸುತ್ತದೆ. ಉತ್ತರದಿಂದ ಎಣ್ಣೆ ತೇಲಿ ಬರುತ್ತಿದೆ ಎಂಬ ಸುದ್ದಿ ಬಂದಾಗ ಅವರಿಗೆ ಯುದ್ಧದ ಕ್ಷಿಪಣಿಗಿಂತ ಅದರದ್ದೇ ಹೆದರಿಕೆಯಂತೆ. ನೀರೆಳೆಯುವ ಬಾಯಿಗೆ ಅಡ್ಡವಾಗಿ ಸಾಲುಸಾಲು ತೇಲುವ ತಡೆ ಕಟ್ಟಿದ್ದರು. “ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು ನೀರು ನೋಡುವುದಲ್ಲ ಮಾರಾಯ, ಮೂಸುವುದು. ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತದೆ” ಎನ್ನುತ್ತಿದ್ದರು ಭಾವ. ಸ್ಥಾವರ ಉಳಿಯಿತು. ಉಳಿಸಿದ್ದು ತಡೆಗಳಷ್ಟೇ ಅಲ್ಲ, ಜುಬೈಲಿನ ಉತ್ತರಕ್ಕೆ ಕಡಲಿಗೆ ಚಾಚಿಕೊಂಡಿರುವ ಅಬು ಅಲಿ ದ್ವೀಪ. ಎಣ್ಣೆಯ ಬಹುಪಾಲು ಅದರ ಹಿಂದಿನ ಹಿನ್ನೀರುಗಳಲ್ಲಿ ಸಿಕ್ಕಿಕೊಂಡಿತು. ರಿಯಾದಿನ ಪಾಲಿನ ಪುಣ್ಯ, ಆ ಹಿನ್ನೀರುಗಳ ಪಾಲಿನ ಕರ್ಮ. ಸೌದಿಯ ಸುಮಾರು 700 ಕಿಲೋಮೀಟರ್ ದಡ ಕಪ್ಪಾಯಿತು. ಮೂವತ್ತು ಸಾವಿರದಷ್ಟು ಕಡಲಹಕ್ಕಿಗಳು ಸತ್ತವು.

ಆ ಹಿನ್ನೀರಿನ ಒಂದು ಏಡಿ ಬಿಲವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮರಳುಗಾಡು ಕಡಲಿಗೆ ಸೇರುವ ಕಡೆ, ಉಬ್ಬರದ ನೀರು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಮುಟ್ಟುವ ಜೌಗು ನೆಲ. ಅಲ್ಲಿ ಚದರ ಮೀಟರಿಗೆ ಹತ್ತಾರು ಏಡಿ ಬಿಲಗಳು. ಆರೋಗ್ಯವಂತ ಜೌಗಿನಲ್ಲಿ ಈ ಬಿಲಗಳೇ ನೆಲದ ಮೂಗು, ಗಾಳಿ ಮತ್ತು ನೀರು ಒಳಗಿಳಿಯುವುದು ಅವುಗಳ ಮೂಲಕವೇ. ಎಣ್ಣೆಯೂ ಅದೇ ದಾರಿ ಹಿಡಿಯಿತು. ಏಡಿಗಳು ಸತ್ತವು, ಬಿಲಗಳು ಮೊಣಕೈ ಆಳದವರೆಗೆ ಎಣ್ಣೆ ತುಂಬಿಕೊಂಡು ನಿಂತವು. ಎಣ್ಣೆಯನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಇಲ್ಲವೆಂದಲ್ಲ, ಆದರೆ ಅವಕ್ಕೆ ಆಮ್ಲಜನಕ ಬೇಕು. ಅಷ್ಟರಲ್ಲಿ ಮೇಲೆ ಪಾಚಿಯ ಚಾಪೆ ಬೆಳೆದು, ಬಿಸಿಲಿಗೆ ಒಣಗಿ, ಬಿಲದ ಬಾಯಿಗೆ ಮುಚ್ಚಳವಾಯಿತು. ಹನ್ನೆರಡು ವರ್ಷಗಳ ನಂತರ ಸಮೀಕ್ಷೆಗೆ ಹೋದವರು ಗುದ್ದಲಿ ಹಾಕಿದರೆ ಎಣ್ಣೆ ಇನ್ನೂ ದ್ರವವಾಗಿಯೇ ಒಸರುತ್ತಿತ್ತು. ಕಲ್ಲು ದಡಗಳಲ್ಲಿ ಅಲೆ ತೊಳೆದುಕೊಂಡು ಹೋದದ್ದನ್ನು ಜೌಗು ನೆಲ ಹಿಡಿದಿಟ್ಟುಕೊಂಡಿತ್ತು. ಕೊನೆಗೆ ಮಾಡಿದ ಚಿಕಿತ್ಸೆ ಬಹಳ ಸರಳ. ಉಬ್ಬರದ ನೀರು ಒಳನುಗ್ಗುವಂತೆ ಕಾಲುವೆ ತೋಡಿದರು, ಗಟ್ಟಿಯಾದ ಮೇಲ್ಪದರವನ್ನು ಉತ್ತರು. ನೀರು ಆಡತೊಡಗಿದ ಕಡೆ ಏಡಿಗಳು ಮರಳಿದವು. ಹಣ ಬಂದದ್ದು ವಿಶ್ವಸಂಸ್ಥೆಯ ಪರಿಹಾರ ಆಯೋಗದಿಂದ. ಆ ಆಯೋಗಕ್ಕೆ ಇರಾಕ್ ಒಟ್ಟು 52.4 ಶತಕೋಟಿ ಡಾಲರ್ ಕಟ್ಟಿ ಮುಗಿಸಿದ್ದು 2022ರಲ್ಲಿ. ಕಟ್ಟಿದ್ದು ತನ್ನ ತೈಲ ಮಾರಿದ ಹಣದಿಂದ. ಕಡಲಿಗೆ ಎಣ್ಣೆ ಸುರಿದದ್ದಕ್ಕೆ ದಂಡ ತೆರಲೂ ಎಣ್ಣೆಯನ್ನೇ ಮಾರಬೇಕಾಯಿತು.

ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ ಬೇರೆಯೇ ಇದೆ. ಈ ಕಡಲನ್ನು ಕೆಡಿಸುತ್ತಿರುವ ಮುಖ್ಯ ಸಂಗತಿ ಎಣ್ಣೆಯಲ್ಲ. ಎಣ್ಣೆ ಸೋರಿದರೆ ಟಿ.ವಿ. ಕ್ಯಾಮೆರಾ ಬರುತ್ತದೆ, ತನಿಖೆ ಆಗುತ್ತದೆ, ಪರಿಹಾರ ಸಿಗುತ್ತದೆ. ಉಪ್ಪು, ಬಿಸಿಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಸರು ಸುದ್ದಿಯಾಗುವುದಿಲ್ಲ. ಯಾರೂ ಯುದ್ಧದಲ್ಲಿ ಸುರಿದದ್ದಲ್ಲ, ಸರಕಾರದ ಪರವಾನಗಿ ಪಡೆದು ದಿನವೂ ಬಿಡುವಂಥದ್ದು.

ಕುವೈತಿನಲ್ಲಿ ಕಡಲ ನೀರನ್ನು ದೊಡ್ಡ ಪ್ರಮಾಣದಲ್ಲಿ ಸಿಹಿ ಮಾಡಲು ಶುರುವಾದದ್ದು 1950ರ ದಶಕದ ಆರಂಭದಲ್ಲಿ. ಇವತ್ತು ಕುವೈತ್, ಕತಾರ್‌ಗಳಲ್ಲಿ ಕುಡಿಯುವ ನೀರಿನ ಹತ್ತು ಪಾಲಿನಲ್ಲಿ ಒಂಬತ್ತು ಪಾಲಾದರೂ ಕಡಲಿನದ್ದು. ಹಳೆಯ ವಿಧಾನದಲ್ಲಿ ಕಡಲ ನೀರನ್ನು ನೂರು ಡಿಗ್ರಿಯ ಹತ್ತಿರ ಕಾಯಿಸಿ, ಒತ್ತಡ ಒಂದಕ್ಕಿಂತ ಒಂದರಲ್ಲಿ ಕಡಿಮೆಯಿರುವ ಕೋಣೆಗಳ ಸಾಲಿಗೆ ಬಿಡುತ್ತಾರೆ. ಒತ್ತಡ ಇಳಿದ ಹಾಗೆ ನೀರು ಭಗ್ಗನೆ ಆವಿಯಾಗುತ್ತದೆ, ಆ ಆವಿಯನ್ನು ತಣ್ಣೀರಿನ ಕೊಳವೆಗೆ ತಾಗಿಸಿ ಹನಿಯಾಗಿಸುತ್ತಾರೆ. ಒಂದು ಲೀಟರ್ ಸಿಹಿನೀರಿಗೆ ಹಲವು ಲೀಟರ್ ಕಡಲ ನೀರು ಎಳೆಯಬೇಕು. ಉಳಿದದ್ದೆಲ್ಲ ಬೆಚ್ಚಗಾಗಿ, ಉಪ್ಪು ಹೆಚ್ಚಿಸಿಕೊಂಡು ಕಡಲಿಗೆ ವಾಪಸು. ಹೊಸ ವಿಧಾನ ನಮ್ಮ ಅಡುಗೆಮನೆಗೂ ಬಂದಿರುವ ಆರ್‌ಓ. ಇದರಲ್ಲಿ ಬಿಸಿಯಿಲ್ಲ, ಒಟ್ಟು ಶಕ್ತಿ ಕಡಿಮೆ ಸಾಕು. ಆದರೆ ನೂರು ಲೀಟರ್ ಎಳೆದರೆ ಸಿಹಿಯಾಗಿ ಸಿಗುವುದು ನಲವತ್ತರ ಆಸುಪಾಸು. ಮಿಕ್ಕ ಅರವತ್ತು ಲೀಟರಿನಲ್ಲಿ ನೂರು ಲೀಟರಿನ ಉಪ್ಪು ಇರುತ್ತದೆ. ಅದರ ಜೊತೆಗೆ ಕೊಳವೆಯಲ್ಲಿ ಚಿಪ್ಪು ಬೆಳೆಯದಿರಲೆಂದು ಹಾಕಿದ ಕ್ಲೋರಿನ್, ಗಸಿ ಕಟ್ಟದಿರಲೆಂದು ಹಾಕಿದ ರಾಸಾಯನಿಕ, ಹಳೆಯ ಸ್ಥಾವರಗಳಾದರೆ ಸವೆದ ಕೊಳವೆಯ ತಾಮ್ರ. ಈ ಕಡು ಉಪ್ಪುನೀರು ಭಾರವಾಗಿರುವುದರಿಂದ ತೇಲಿ ಬೆರೆಯದೆ ತಳಕ್ಕೆ ಹಾಸಿಕೊಳ್ಳುತ್ತದೆ. ತಳದಲ್ಲಿ ಇರುವುದೇ ಕಡಲ ಹುಲ್ಲು, ಮುತ್ತಿನ ಚಿಪ್ಪು, ಸೀಗಡಿ ಮರಿ.

2019ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ತಜ್ಞರು ಪ್ರಕಟಿಸಿದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಇಂಥ ಸುಮಾರು 16,000 ಸ್ಥಾವರಗಳು ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರು ಕೊಟ್ಟು, 14.2 ಕೋಟಿ ಘನ ಮೀಟರ್ ಕಡು ಉಪ್ಪುನೀರು ಬಿಡುತ್ತವೆ. ಆ ಉಪ್ಪುನೀರಿನ ಅರ್ಧಕ್ಕಿಂತ ಹೆಚ್ಚು ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್ ಈ ನಾಲ್ಕೇ ದೇಶಗಳದ್ದು.

ಇಲ್ಲಿ ಒಂದು ಎಚ್ಚರಿಕೆ. ಈ ಅಂಕಿ ಕೇಳಿದ ಕೂಡಲೇ ‘ಕೊಲ್ಲಿ ಇನ್ನು ಮೃತ ಸಮುದ್ರವಾಗುತ್ತದೆ’ ಎಂದು ಬರೆಯುವ ಪತ್ರಕರ್ತರಿದ್ದಾರೆ. ಅದು ಸರಿಯಲ್ಲ. 2,40,000 ಚದರ ಕಿಲೋಮೀಟರಿನಿಂದ ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾಗುತ್ತದೆ ಎಂದರೆ 360 ಘನ ಕಿಲೋಮೀಟರ್ ನೀರನ್ನು ಸೂರ್ಯನೇ ಎತ್ತಿಕೊಂಡು ಹೋಗುತ್ತಾನೆ. ಅದರ ಪಕ್ಕದಲ್ಲಿ ಸ್ಥಾವರಗಳು ಎತ್ತುವುದು ತೀರಾ ಸಣ್ಣ ಪಾಲು. ಇಡೀ ಕೊಲ್ಲಿಯ ಉಪ್ಪು ಇವುಗಳಿಂದ ಹೆಚ್ಚೇನೂ ಏರದು ಎಂದು ಗಣಿತ ಮಾದರಿಗಳು ತೋರಿಸಿವೆ. ಹಾಗಾದರೆ ತಕರಾರು ಏನು? ಜಾಗದ್ದು. ಈ ಕಡಲಿನ ಜೀವದ ಬಹುಪಾಲು ಅರೇಬಿಯಾದ ಕಡೆಯ ಆಳವಿಲ್ಲದ ಸಣ್ಣ ಪಟ್ಟಿಯಲ್ಲಿ ಒತ್ತೊತ್ತಾಗಿದೆ. ಹುಲ್ಲುಗಾವಲು ಅಲ್ಲಿ, ಹವಳ ಅಲ್ಲಿ, ಕಾಂಡ್ಲಾ ಕಾಡು ಅಲ್ಲಿ, ಮೀನು ಮರಿ ಬೆಳೆಯುವುದು ಅಲ್ಲಿ. ನೀರೆಳೆಯುವ ಬಾಯಿ, ಬಿಡುವ ಬಾಯಿ, ಬಂದರು, ವಿದ್ಯುತ್ ಸ್ಥಾವರ, ಕೊಳಚೆ ಕಾಲುವೆ, ಹೋಟೆಲಿನ ಕೃತಕ ಬೀಚು ಎಲ್ಲವೂ ಅಲ್ಲೇ. ಇಡೀ ಕಡಲಿನ ಸರಾಸರಿ ತೆಗೆದು ಸಮಾಧಾನ ಪಡುವುದೆಂದರೆ ಬೆಂಗಳೂರಿನ ಹೊಗೆಯನ್ನು ಕರ್ನಾಟಕಕ್ಕೆಲ್ಲ ಹಂಚಿ ಲೆಕ್ಕ ಹಾಕಿದ ಹಾಗೆ.

ಆ ಪಟ್ಟಿಗೆ ಅತಿ ದೊಡ್ಡ ಪೆಟ್ಟು ಕೊಟ್ಟದ್ದು ಉಪ್ಪಲ್ಲ, ಮರಳು. 2001ರಲ್ಲಿ ದುಬೈನಲ್ಲಿ ಪಾಮ್ ಜುಮೈರಾ ದ್ವೀಪದ ಕೆಲಸ ಶುರುವಾಯಿತು. ಮರಳುಗಾಡಿನ ಮರಳು ಗಾಳಿಗೆ ಉರುಳಿ ಉರುಳಿ ಗುಂಡಗಾಗಿರುತ್ತದೆ, ನೀರಿನಲ್ಲಿ ಹಾಕಿದರೆ ಕಚ್ಚಿಕೊಂಡು ಕೂರುವುದಿಲ್ಲ. ಆದ್ದರಿಂದ ಮರಳುಗಾಡಿನ ಅಂಚಿನಲ್ಲಿ ನಿಂತು ಮರಳಿಗಾಗಿ ಕಡಲಿನ ತಳ ಅಗೆದರು. ಸುಮಾರು 9.4 ಕೋಟಿ ಘನ ಮೀಟರ್ ಮರಳನ್ನು ಡ್ರೆಜ್ಜರುಗಳು ಹೀರಿ, ಕಾರಂಜಿಯ ಹಾಗೆ ಚಿಮ್ಮಿಸಿ ಗುಡ್ಡೆ ಹಾಕಿದವು. ಸುತ್ತ 11 ಕಿಲೋಮೀಟರ್ ಕಲ್ಲಿನ ತಡೆಗೋಡೆ. ಒಳಗಿನ ನೀರು ಓಡಾಟವಿಲ್ಲದೆ ಕೊಳೆಯುವುದು ಕಂಡು ಆ ಗೋಡೆಯನ್ನು ಎರಡು ಕಡೆ ಒಡೆದು ದಾರಿ ಮಾಡಿಕೊಡಬೇಕಾಯಿತು. ಪಾಮ್ ಜುಮೈರಾಕ್ಕಿಂತ ಹೆಚ್ಚು ಮರಳು ‘ದಿ ವರ್ಲ್ಡ್’ ಎಂಬ ದ್ವೀಪಗುಚ್ಛಕ್ಕೆ ಹೋಯಿತು, ಅದರ ಬಹುತೇಕ ದ್ವೀಪಗಳು ವರ್ಷಗಟ್ಟಲೆ ಖಾಲಿ ಮರಳ ದಿಬ್ಬಗಳಾಗಿಯೇ ಬಿದ್ದಿದ್ದವು. ಜೆಬೆಲ್ ಅಲಿಯಲ್ಲಂತೂ ಎರಡನೆಯ ಪಾಮ್ ದ್ವೀಪ ಹವಳದ ದಿಬ್ಬವನ್ನೇ ಹೂತು ಮೇಲೆದ್ದಿತು. ಬಹರೈನ್ ತನ್ನ ನೆಲವನ್ನೇ ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಬೆಳೆಸಿಕೊಂಡಿದೆ. ಬೆಳೆಸಿದ್ದು ಕಡಲನ್ನು ತುಂಬಿ. ಇದರಿಂದ ಸೀಗಡಿ ಮರಿಗಳ ತೊಟ್ಟಿಲಾಗಿದ್ದ ತುಬ್ಲಿ ಕೊಲ್ಲಿ ಅರ್ಧದಷ್ಟು ಕುಗ್ಗಿತು.

ಎಣ್ಣೆ ಮೆತ್ತಿದ ಜೌಗಿಗೆ ಕಾಲುವೆ ತೋಡಿದರೆ ಏಡಿ ಮರಳುತ್ತದೆ. ದ್ವೀಪದ ಅಡಿ ಹೂತ ಹುಲ್ಲುಗಾವಲಿಗೆ ಯಾವ ಕಾಲುವೆ ತೋಡುತ್ತೀರಿ? ಎಣ್ಣೆಗಿಂತ ಮರಳನ್ನು ದೊಡ್ಡ ಅಪರಾಧಿ ಎಂದು ನಾನು ಕರೆಯುವುದು ಈ ಕಾರಣಕ್ಕೆ.

ಕೊಳಚೆ, ಸೋಂಕು, ಪಾಚಿಗಳ ಮಾತನ್ನು ಬೇಗ ಮುಗಿಸುತ್ತೇನೆ. 2009ರ ಆಗಸ್ಟಿನಲ್ಲಿ ಕುವೈತಿನ ಮಿಶ್ರೆಫ್ ಪಂಪಿಂಗ್ ಕೇಂದ್ರ ಕೆಟ್ಟು ಶುದ್ಧೀಕರಿಸದ ಕೊಳಚೆ ನೇರ ಕಡಲಿಗೆ ಹರಿಯಿತು. ಅದಕ್ಕೂ ಮುಂಚೆ 2001ರ ಬೇಸಿಗೆಯಲ್ಲಿ ಕುವೈತ್ ಕೊಲ್ಲಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಟನ್ ಮುಲ್ಲೆಟ್ ಮೀನು ಬ್ಯಾಕ್ಟೀರಿಯಾ ಸೋಂಕಿಗೆ ಸತ್ತು ದಡಕ್ಕೆ ಬಂದಿತ್ತು. 2008ರಲ್ಲಿ ಕಾಕ್ಲೋಡಿನಿಯಂ ಎಂಬ ಸೂಕ್ಷ್ಮ ಪಾಚಿ ಒಮಾನ್ ಕಡೆಯಿಂದ ಒಳಬಂದು ತಿಂಗಳುಗಟ್ಟಲೆ ಕಡಲನ್ನು ಕೆಂಪಾಗಿಸಿತು. ಮೀನು ಸತ್ತವು, ಹವಳ ಸತ್ತಿತು. ಅದಕ್ಕಿಂತ ಮುಖ್ಯವಾಗಿ ಸಿಹಿನೀರಿನ ಸ್ಥಾವರಗಳ ಜಾಲರಿ ಕಟ್ಟಿಕೊಂಡು ಕೆಲವನ್ನು ನಿಲ್ಲಿಸಬೇಕಾಯಿತು. ಬಚ್ಚಲಿನ ನೀರು ಬಾವಿಗೆ ಬಂತು ಎಂದು ಆ ದೇಶಗಳಿಗೆ ಮೊದಲ ಸಲ ಮೈಮುಟ್ಟಿ ಗೊತ್ತಾದದ್ದು ಆಗಲೇ. ಆಮೇಲೆ ನೀರು ಕೂಡಿಡುವ ಯೋಚನೆಗೆ ಬಲ ಬಂತು. 2018ರಲ್ಲಿ ಅಬುಧಾಬಿ ಲಿವಾ ಮರಳುಗಾಡಿನ ಅಡಿಯಲ್ಲಿ ಸಿಹಿಗೊಳಿಸಿದ ನೀರನ್ನು ಇಂಗಿಸಿ 2.6 ಕೋಟಿ ಘನ ಮೀಟರಿನ ಆಪತ್ತಿನ ನಿಧಿ ಮಾಡಿಕೊಂಡಿತು. ಕಡಲಿನಿಂದ ಎತ್ತಿ, ಉಪ್ಪು ತೆಗೆದು, ಮತ್ತೆ ನೆಲಕ್ಕೆ ಕುಡಿಸುವುದು! ಅವರ ಜಾಣತನಕ್ಕೆ ಮೆಚ್ಚಬೇಕು. ಕಡಲು ಕೈಕೊಡಬಹುದು ಎಂಬ ಭಯ ಎಷ್ಟಿದೆ ಎಂಬುದನ್ನೂ ಅದರಲ್ಲೇ ಕಾಣಬೇಕು.

ಇವೆಲ್ಲದರ ಮೇಲೆ ಬಿಸಿ. 2020ರ ಜುಲೈ ಕೊನೆಯಲ್ಲಿ ಕುವೈತ್ ಕೊಲ್ಲಿಯ ನೀರು 37.6 ಡಿಗ್ರಿ ಮುಟ್ಟಿತ್ತು. ಜ್ವರ ಬಂದ ಮೈಯಷ್ಟು. ಕೊಲ್ಲಿಯ ಹವಳಗಳು ಜಗತ್ತಿನಲ್ಲೇ ಗಟ್ಟಿಗರು, ಬೇರೆ ಕಡೆಯ ಹವಳಗಳು 31–32 ಡಿಗ್ರಿಗೆ ಬಿಳಿಚಿಕೊಂಡರೆ ಇವು 35ನ್ನೂ ತಡೆಯುತ್ತವೆ. ಬಿಸಿಯಾಗುತ್ತಿರುವ ಜಗತ್ತಿಗೆ ಇವುಗಳಿಂದ ಪಾಠ ಸಿಗಬಹುದೆಂದು ವಿಜ್ಞಾನಿಗಳು ಅಬುಧಾಬಿಯಲ್ಲಿ ವರ್ಷಗಳಿಂದ ಕೂತಿದ್ದಾರೆ. ಆದರೆ 1996, 1998ರಲ್ಲಿ ದೊಡ್ಡ ಸಾವು ಬಂತು. 2017ರ ಬೇಸಿಗೆಯಲ್ಲಿ ಅಬುಧಾಬಿಯ ಕಡೆ ಗಾಳಿ ಬೀಸದೆ ನೀರು ಕಾದು ಮುಕ್ಕಾಲು ಪಾಲಿನಷ್ಟು ಹವಳ ಹೋಯಿತು. ಜಾಗತಿಕ ತಾಪಮಾನವನ್ನು ಒಂದು ಊರು ಇಳಿಸಲಾರದು ನಿಜ. ಆದರೆ ಕೆಸರು, ಕೊಳಚೆ, ಬಿಸಿನೀರು ಇವುಗಳಿಂದ ಮೊದಲೇ ಸೊರಗಿದ ಹವಳ ಬಿಸಿಲಿಗೆ ಬೇಗ ಸಾಯುತ್ತದೆ, ನಿಧಾನ ಚೇತರಿಸುತ್ತದೆ. ಅಷ್ಟನ್ನಾದರೂ ಊರು ತಡೆಯಬಹುದು.

ಅಲ್ಲಿನವರು ಕೈಕಟ್ಟಿ ಕೂತಿದ್ದಾರೆ ಎಂದು ನಾನು ಹೇಳುತ್ತಿಲ್ಲ. 1978ರಲ್ಲೇ ಆ ವಲಯದ ಎಂಟೂ ದೇಶಗಳು ಕಡಲ ರಕ್ಷಣೆಯ ಕುವೈತ್ ಒಪ್ಪಂದಕ್ಕೆ ಸಹಿ ಹಾಕಿದವು. ಕಡಲಿನ ಹೆಸರಿನ ಬಗ್ಗೆಯೇ ಇರಾನಿಗೂ ಅರಬರಿಗೂ ಒಪ್ಪಂದವಿಲ್ಲದ ಕಾರಣ, ಹುಟ್ಟಿಕೊಂಡ ಸಂಸ್ಥೆಯ ಇಂಗ್ಲಿಷ್ ಮೊದಲಕ್ಷರ ಸೇರಿಸಿ ‘ರಾಪ್ಮಿ ಸಮುದ್ರ ವಲಯ’ ಎಂದು ಕರೆದುಕೊಂಡರು. ತಮ್ಮೊಳಗೆ ಯುದ್ಧ ಮಾಡಿದಾಗಲೂ ಆ ಸಂಸ್ಥೆಯನ್ನು ಮುರಿಯಲಿಲ್ಲ. 2008ರಿಂದ ಹಡಗುಗಳು ಎಣ್ಣೆ ಬೆರೆತ ನೀರನ್ನು ಅಲ್ಲಿ ಚೆಲ್ಲದಂತೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಿದೆ. ಅಬುಧಾಬಿಯಲ್ಲಿ ಕಾಂಡ್ಲಾ ನೆಡುವ ಕೆಲಸ 1970ರ ದಶಕದಿಂದ ನಡೆದಿದೆ, ಚೆನ್ನಾಗಿಯೂ ಬಂದಿದೆ. ಆದರೆ ಒಬ್ಬೊಬ್ಬರು ದಿನಕ್ಕೆ 500 ಲೀಟರಿನ ಆಸುಪಾಸು ನೀರು ಬಳಸುವ ನಗರಗಳಿರುವುದೂ ಅಲ್ಲೇ. ನೀರಿಗೆ ನಿಜವಾದ ಬೆಲೆ ಹಾಕುವ ಧೈರ್ಯ ಯಾವ ದೊರೆಗೂ ಪೂರ್ತಿ ಬಂದಿಲ್ಲ.

ಇನ್ನು ನಮ್ಮ ಸಂಬಂಧ. ಕೊಲ್ಲಿಯಿಂದ ತಳದಲ್ಲಿ ಹೊರಬೀಳುವ ಭಾರದ ಉಪ್ಪುನೀರು ಅರಬ್ಬಿ ಸಮುದ್ರದಲ್ಲಿ 200–300 ಮೀಟರ್ ಆಳಕ್ಕೆ ಇಳಿದು ಹರಡಿಕೊಳ್ಳುತ್ತದೆ. ಅರಬ್ಬಿ ಸಮುದ್ರದ ಆ ಆಳದಲ್ಲಿ ಆಮ್ಲಜನಕ ಮೊದಲೇ ಅತಿ ಕಡಿಮೆ, ಜಗತ್ತಿನ ಅತಿ ದಟ್ಟ ಆಮ್ಲಜನಕ ಬರ ಇರುವ ಕಡಲುಗಳಲ್ಲಿ ನಮ್ಮದೂ ಒಂದು. ಕೊಲ್ಲಿಯ ನೀರು ಅಲ್ಲಿಗೆ ಸ್ವಲ್ಪ ಉಸಿರು ತರುತ್ತದೆ. ಕೊಲ್ಲಿ ಬಿಸಿಯಾದಂತೆ ಆ ನೀರು ಹಗುರವಾಗಿ ಆಳಕ್ಕೆ ಇಳಿಯುವುದು ಕಡಿಮೆಯಾಗಿ, ನಮ್ಮ ಕಡಲಿನ ಉಸಿರುಗಟ್ಟುವಿಕೆ ಹೆಚ್ಚಾಗುತ್ತದೆ ಎಂದು 2019ರ ಒಂದು ಅಧ್ಯಯನ ತೋರಿಸಿದೆ. ಅಲ್ಲಿ ಆಗುವುದಕ್ಕೂ ನಮ್ಮ ಮೀನಿಗೂ ನಂಟಿದೆ.

ಇನ್ನೊಂದು ನಂಟು ಕೈಗೆಟಕುವಷ್ಟು ಹತ್ತಿರದ್ದು. 2016 ಮತ್ತು 2019ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿದಾಗ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ನೀರಿಲ್ಲದೆ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಕೊಲ್ಲಿಯಿಂದ ಬಂದ ಕಚ್ಚಾ ತೈಲ ಟ್ಯಾಂಕಿನಲ್ಲಿದೆ, ಅದನ್ನು ಶುದ್ಧ ಮಾಡಲು ನೀರಿಲ್ಲ. ಈಗ ತಣ್ಣೀರುಬಾವಿಯ ದಡದಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಡಿಸಲಿನೇಷನ್ ಸ್ಥಾವರ ಬಂದಿದೆ. ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೂ ಕಡಲನ್ನೇ ಬಾವಿ ಮಾಡಿಕೊಳ್ಳುವ ಗತಿ ಬಂತು. ಸ್ಥಾವರ ಬೇಡ ಎಂದು ನಾನು ಹೇಳಲಾರೆ. ನದಿಯಿಂದ ಊರವರ ಪಾಲಿನ ನೀರನ್ನು ಕಾರ್ಖಾನೆ ಎಳೆಯುವುದಕ್ಕಿಂತ ಇದು ಮೇಲು. ನಮ್ಮ ಕಡಲು ತೆರೆದ ಕಡಲು, ಮಳೆಗಾಲದಲ್ಲಿ ಕಡೆದು ತೊಳೆಯುವ ಕಡಲು ಎಂಬುದೂ ನಿಜ. ಆದರೆ ಕೊಲ್ಲಿಯಲ್ಲಿ ಎಪ್ಪತ್ತು ವರ್ಷಗಳ ಹಿಂದೆ ಕೇಳಬೇಕಾಗಿದ್ದು, ಕೇಳದೆ ಹೋದ ಪ್ರಶ್ನೆಗಳನ್ನು ನಾವು ಈಗಲೇ ಕೇಳಬಹುದಲ್ಲ? ಬಿಡುವ ನೀರಿನಲ್ಲಿ ಉಪ್ಪೆಷ್ಟು, ಕ್ಲೋರಿನ್ ಎಷ್ಟು, ದಡದಿಂದ ಎಷ್ಟು ದೂರ, ಎಷ್ಟು ಆಳದಲ್ಲಿ ಬಿಡುತ್ತಾರೆ, ಅಲ್ಲಿನ ತಳದ ಚಿಪ್ಪು–ಸೀಗಡಿಗಳನ್ನು ಮೊದಲೂ ನಂತರವೂ ಎಣಿಸಿದವರು ಯಾರು? ಇಂಥ ಪ್ರತಿಯೊಂದು ಸ್ಥಾವರದ ತಿಂಗಳ ಅಂಕಿಯೂ ಕನ್ನಡದಲ್ಲಿ, ಮೀನುಗಾರರ ಸಹಕಾರ ಸಂಘದ ಫಲಕದ ಮೇಲೆ ಬರಬೇಕು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ ಇದೆ. ಕೊಲ್ಲಿಯ ನೀರಿನ ಸ್ಥಾವರ, ಡ್ರೆಜ್ಜರು, ತೈಲದ ಜೆಟ್ಟಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದು ಊರಿಗೆ ಬಂದು ಕೂತವರು ನಿಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಆ ಕಡಲು ಬದಲಾದದ್ದನ್ನು ಪಾಳಿಪಾಳಿಯಾಗಿ ಕಂಡವರು ಅವರು. ಯಾವ ವರ್ಷ ಜಾಲರಿಗೆ ಏನು ಸಿಕ್ಕಿಕೊಳ್ಳುತ್ತಿತ್ತು, ಯಾವ ಮೀನು ಕಾಣೆಯಾಯಿತು, ನೀರು ಬಿಡುವ ಬಾಯಿಯ ಹತ್ತಿರ ಏನು ಬೆಳೆಯುತ್ತಿತ್ತು ಎಂದು ಅವರನ್ನು ಯಾರೂ ಈವರೆಗೆ ಕೇಳಿಲ್ಲ. ಈ ರಜೆಯಲ್ಲಿ ಅಪ್ಪನನ್ನೋ ಮಾವನನ್ನೋ ಕೂರಿಸಿಕೊಂಡು ಕೇಳಿ, ಬರೆದಿಡಿ, ಊರು ಮತ್ತು ಇಸವಿ ತಪ್ಪದೆ ಹಾಕಿ. ಹಾಗೆ ಬಂದ ಬರಹಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಕಡತ ಮಾಡಿ ಇಡುವ ವ್ಯವಸ್ಥೆಯನ್ನು ಪ್ರಾಂಶುಪಾಲರು ಮಾಡಬೇಕೆಂದು ಇದೇ ವೇದಿಕೆಯಿಂದ ಕೋರುತ್ತೇನೆ.